ನನ್ನ ಕೌದಿಗಳೊಳಗೆ ಹಾಡಿದ ಲಾಸ್ಟ್ ಬಸ್ ಹುಡುಗರು

ಮೇಘಾ, ಮೊನ್ನೆ ನೀನು ಫೋನಿನಲ್ಲಿ ಎಂಟು ಕೌದಿ ಕೇಳಿದೆ. ಭಾಲ್ಕಿಯ ಮನೆಯ ಮಾಳಿಗೆ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುವ ಕೆಲಸ ಶುರುಮಾಡುತ್ತೀಯಂತೆ, ನಾಲ್ಕೂ ಗೋಡೆಗೆ ಹೊದಿಸಬೇಕಂತೆ. ನಿನ್ನ ಹಿಂದಿನಿಂದ ತಮ್ಮ ಕಿರಣ, "ಗ್ವಾಡಿಗಿ ಥಂಡಿ ಹತ್ಯದೇನ ಆಯಿ?" ಎಂದು ನಕ್ಕಿದ್ದೂ ಕೇಳಿಸಿತು. ಹೊಲಿಯಲು ಕೂತಿದ್ದೇನೆ. ಆದರೆ ಕೌದಿಯ ಜೊತೆಗೆ ಈ ಹಾಳೆಗಳನ್ನೂ ಕಳಿಸುತ್ತೇನೆ, ಇಬ್ಬರೂ ಓದಿರಿ. ಎದುರಿಗೆ ಕೂತು ಹೇಳು ಅಂದರೆ ನನ್ನಿಂದ ಆಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಭಾತಂಬ್ರಾದ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು ನಾನು. ಹಾಜರಿ ಕರೆದಾಗ ದನಿ ಏಳದೆ, ಪಕ್ಕದಲ್ಲಿ ಕೂತವಳೇ ನನ್ನ ಪರವಾಗಿ ಹಾಜರಿ ಹೇಳುತ್ತಿದ್ದಳು. ಬರೆಯುವುದು ಮಾತ್ರ ಆಗಿನಿಂದಲೂ ಹಗುರ.

ನಿಮ್ಮ ಅಜ್ಜ ಬೀದರಿನ ಹಳೆ ಊರಿನಲ್ಲಿ ಖಲೀಲ್ ಸಾಬ್ ಎಂಬವರ ಹತ್ತಿರ ಕೆಲಸಕ್ಕಿದ್ದರು. ಮದುವೆ, ಉರುಸು, ಪ್ರವಚನ ಎಲ್ಲಕ್ಕೂ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಅದು. ಕಂಬ ಹತ್ತಿ ದೊಡ್ಡ ಹಾರ್ನು ಕಟ್ಟುವುದರಲ್ಲಿ ನಿಮ್ಮ ಅಜ್ಜ ಹುಷಾರು. ಜ್ವರ ಬಂದು ಅವರು ಹೋದಾಗ ನಿಮ್ಮ ಅವ್ವ ಸವಿತಾ ಇನ್ನೂ ಸಣ್ಣ ಸಾಲೆಯಲ್ಲಿದ್ದಳು. ದಿನಕರ್ಮಗಳೆಲ್ಲ ಮುಗಿದ ಮೇಲೆ ಖಲೀಲ್ ಸಾಬ್ ಬಂದು ನಮ್ಮ ಹೊರಗಿನ ಕಟ್ಟೆಯ ಮೇಲೆ ಕೂತರು.

"ಶಾಂತಾಬಾಯಿ, ನಿಮಗ ಕೌದಿ ಹೊಲಿಲಿಕ್ಕ ಬರ್ತದೇನು?"

ನಾನು ಬಾಗಿಲ ಹಿಂದೆ ನಿಂತು ತಲೆಯಾಡಿಸಿದೆ. ಅವರಿಗೆ ಅದು ಹೇಗೆ ಕಾಣಬೇಕು? ಸವಿತಾ ಹೇಳಿದಳು: "ಅವ್ವ ಹೂಂ ಅಂತಾಳ್ರಿ."

"ಹಂಗಾದ್ರ ಕೇಳ್ರಿ. ಕ್ಯಾಸೆಟ್ ತೆಗೆಯೋ ಸ್ಟುಡಿಯೋ ಮಾಡ್ಲಾಕತ್ತೇನಿ. ಹೈದರಾಬಾದಿನ್ಯಾಗ ಗೋಡಿಗೆಲ್ಲ ಗಾದಿ ಹಚ್ಚಿರ್ತಾರ, ಆವಾಜ್ ಗುಂಯ್ ಅನ್ನಬಾರದಂತ. ಅಷ್ಟು ತಾಕತ್ ನನಗಿಲ್ಲ. ನೀವು ಕೌದಿ ಹೊಲಿದು ಕೊಡ್ರಿ."

ಹೀಗೆ ನಾನು ಗೋಡೆಗಳಿಗೆ ಹೊದಿಕೆ ಹೊಲಿಯುವವಳಾಗಿ ಈ ಕೆಲಸಕ್ಕೆ ಬಂದೆ. ಹಳೆ ಸೀರೆ, ಹಳೆ ಧೋತರ, ಖಲೀಲ್ ಸಾಬರ ಮನೆಯಿಂದ ಬಂದ ಹಳೆ ಪರದೆ, ಎಲ್ಲ ಪದರ ಪದರ ಹಾಸಿ ಹೊಲಿದೆ. ನಮ್ಮವ್ವ ಕಲಿಸಿದಂತೆ, ಕೊನೆಯ ಮಗ್ಗುಲು ಮುಚ್ಚುವ ಮೊದಲು ಪ್ರತಿ ಕೌದಿಯ ಮೂಲೆಯಲ್ಲಿ ಒಂದು ಚೂರು ಹೋಳಿಗೆ ಇಟ್ಟೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮನೆಯಿಂದ ಕಳಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ.

ಆ ಪದ್ಧತಿ ಮೊದಲ ರೆಕಾರ್ಡಿಂಗಿನಲ್ಲೇ ಹಾಜರಾಯಿತು. ಔರಾದದ ಕಡೆಯ ಒಂದು ಭಜನೆ ಮೇಳ ಬಂದಿತ್ತು. ಮುಂದೆ ಕೂತ ಮುದುಕರು ಕಣ್ಣು ಮುಚ್ಚಿ ಹಾಡಿದರು. ಟೇಪು ತಿರುಗಿಸಿ ಕೇಳಿದರೆ ಹಾಡಿನ ನಡುವೆ ಕರಕರ, ಕರಕರ. ಖಲೀಲ್ ಸಾಬರಿಗೆ ಸಿಟ್ಟು ಬಂತು.

"ಮುತ್ಯಾ, ಹಾಡುವಾಗ ಅಡಕಿ ತಿನಬ್ಯಾಡ್ರಿ ಅಂದಿದ್ನಲ್ಲ."

"ಅಡಕಿನಾ? ನೋಡ್ರಿ ಇಲ್ಲಿ," ಎಂದು ಮುದುಕರು ಬಾಯಿ ತೆರೆದು ತೋರಿಸಿದರು. ಅಡಕೆಯೂ ಇರಲಿಲ್ಲ, ಅಗಿಯಲು ಹಲ್ಲೂ ಇರಲಿಲ್ಲ. ಅಷ್ಟರಲ್ಲಿ ಗೋಡೆಯ ಕೌದಿಯ ಮೂಲೆಯಿಂದ ಒಂದು ಇಲಿ ತಲೆ ಹೊರಹಾಕಿ ನಮ್ಮನ್ನೆಲ್ಲ ನೋಡಿತು.

"ಬಾಯಿ, ಗೋಡಿಗಿ ಊಟ ಯಾರರ ಹಾಕ್ತಾರೇನು?" ಎಂದರು ಖಲೀಲ್ ಸಾಬ್. ಆವತ್ತಿನಿಂದ ನಾನು ಹೋಳಿಗೆ ಬಿಟ್ಟು ಒಂದೇ ಒಂದು ಜೋಳದ ಕಾಳು ಇಡತೊಡಗಿದೆ.

ಕೌದಿ ಹೊಲಿದು ಮುಗಿದ ಮೇಲೂ ಅವರು ನನ್ನನ್ನು ಬಿಡಲಿಲ್ಲ. ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪು ಯಂತ್ರದ ಹೆಡ್ಡು ಒರೆಸುವುದು ಕಲಿಸಿದರು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಕಾಪಿ ಮಾಡುವುದು ಕಲಿಸಿದರು. ನೆಲದ ಮೇಲೆ ಕೂತು ದಿನವಿಡೀ ಕಾಪಿ ಮಾಡುತ್ತಿದ್ದೆ. ಹಾಡುವವರು ತಪ್ಪಿದರೆ, ಹೊರಗೆ ಲಾರಿ ಸದ್ದು ಬಂದರೆ, ನಿಲ್ಲಿಸಿರಿ ಎನ್ನುವ ಕೆಲಸವೂ ನನ್ನದಾಯಿತು. ಆದರೆ ಗಂಡಸರು ತುಂಬಿದ ಕೋಣೆಯಲ್ಲಿ ನನಗೆ ದನಿ ಏಳಬೇಕಲ್ಲ. ಅದಕ್ಕೆ ಖಲೀಲ್ ಸಾಬ್ ಒಂದು ಕೆಂಪು ಬಲ್ಬು ಹಾಕಿಸಿ ಅದರ ಸ್ವಿಚ್ಚು ನನ್ನ ಕೈಗೆ ಕೊಟ್ಟರು. ನಾನು ಸ್ವಿಚ್ಚು ಒತ್ತಿದರೆ ಎಲ್ಲರೂ ಸುಮ್ಮನಾಗಬೇಕು. ವರ್ಷಗಟ್ಟಲೆ ನಾನು ಆ ಬಲ್ಬಿನಿಂದಲೇ ಮಾತಾಡಿದೆ.

ಕೋಣೆಯಲ್ಲಿ ರೆಕಾರ್ಡಿಂಗ್ ಯಂತ್ರದ ಮುಂದೆ ಒಂದು ಕಬ್ಬಿಣದ ಕುರ್ಚಿ ಇತ್ತು. ಅದು ಖಲೀಲ್ ಸಾಬರದು. ನನಗೆ ಆ ಕುರ್ಚಿಯ ಆಸೆ ಹತ್ತಿತು. ಯಾರಿಗೂ ಹೇಳಿರಲಿಲ್ಲ. ಅವರು ನಮಾಜಿಗೆ ಹೋದಾಗ ಅದರ ಧೂಳು ಒರೆಸುತ್ತಿದ್ದೆ, ಅಷ್ಟೆ.

ಅಂಥ ಹೊತ್ತಿನಲ್ಲಿ ಆ ಹುಡುಗರು ಬಂದರು. ಮೂವರೂ ಬೀದರಿನಲ್ಲಿ ಡಿಪ್ಲೊಮಾ ಓದುತ್ತಿದ್ದರು. ಹಾಡುವವನು ಔರಾದದ ಬಸು, ಕರೆಂಟಿನ ಗಿಟಾರ್ ಬಾರಿಸುವವನು ಭಾಲ್ಕಿಯ ಸಂಜು, ಡ್ರಮ್ ಬಾರಿಸುವವನು ಬೀದರಿನ ಇರ್ಫಾನ್. ತಮ್ಮ ಗುಂಪಿಗೆ ಲಾಸ್ಟ್ ಬಸ್ ಎಂದು ಹೆಸರಿಟ್ಟುಕೊಂಡಿದ್ದರು. ಔರಾದಕ್ಕೆ ರೈಲಿಲ್ಲ. ಸಂಜೆಯ ಕೊನೆಯ ಬಸ್ಸಿನ ಹೊತ್ತಾಯಿತು ಎಂದು ಬಸು ಪ್ರತಿ ಹಾಡನ್ನೂ ಅರ್ಧಕ್ಕೆ ಬಿಟ್ಟು ಓಡುತ್ತಿದ್ದನಂತೆ, ಅದಕ್ಕೇ ಆ ಹೆಸರು.

"ಇದು ಯಾವ ನಮೂನಿ ಹಾಡು?" ಎಂದು ಖಲೀಲ್ ಸಾಬ್ ಕೇಳಿದರು.

"ರಾಕ್ ಚಾಚಾ," ಅಂದ ಇರ್ಫಾನ್. "ಕೂತು ಹಾಡೂದಲ್ಲ, ನಿಂತು ಹಾಡೂದು."

"ನಿಂತು ಬರೇ ಹಾಡ್ತೀರೋ, ಸಾಮಾನ ಒಡಿತೀರೋ?"

"ಒಡಿಲಿಕ್ಕ ನಮ್ಮ ಹಂತೇಕ ಒಂದೇ ಡ್ರಮ್ ಅದ ಚಾಚಾ. ಅದನ್ನ ಒಡದ್ರ ಬಾರಿಸೂದು ಏನು?"

ಖಲೀಲ್ ಸಾಬರಿಗೆ ಹುಡುಗರು ಹಿಡಿಸಿದರು. ಭಜನೆ, ಕವ್ವಾಲಿ ಕ್ಯಾಸೆಟ್ಟು ಎಲ್ಲ ಊರಿನಲ್ಲೂ ತೆಗೆಯುತ್ತಾರೆ, ಇಂಥದ್ದನ್ನು ಈ ಕಡೆ ಯಾರೂ ತೆಗೆದಿಲ್ಲ ಎಂದು ಅವರಿಗೆ ಹುರುಪು ಬಂತು. ಪೂರ್ತಿ ಒಂದು ಆಲ್ಬಂ ಮಾಡುವುದೆಂದು ನಿಶ್ಚಯವಾಯಿತು. ಆವತ್ತು ಅವರು ನನಗೆ ಹೇಳಿದ ಮಾತು ಹೀಗಿತ್ತು.

"ಬಾಯಿ, ಈ ಕ್ಯಾಸೆಟ್ ನಡೀತು ಅಂದ್ರ ಹೊಸಾ ಯಂತ್ರ ತರ್ತೇನಿ. ಹಳಿ ಯಂತ್ರ, ಈ ಕುರ್ಚಿ, ಭಜನಿ ರೆಕಾರ್ಡಿಂಗ್ ಎಲ್ಲಾ ನಿಮ್ದು. ನಡೀಲಿಲ್ಲಂದ್ರ ಸ್ಟುಡಿಯೋ ಬಂದ್ ಮಾಡಿ ಬರೇ ಮೈಕ್ ಸೆಟ್ ಇಟ್ಕೋತೇನಿ. ಕಂಬ ಹತ್ತೂ ಕೆಲಸ ನಿಮಗ ಹ್ಯಾಂಗ ಹೇಳ್ಲಿ?"

ಅಂದರೆ ಕುರ್ಚಿ, ಇಲ್ಲವಾದರೆ ತವರೂರು ಭಾತಂಬ್ರಾ. ಊರಿನಲ್ಲಿ ನನ್ನ ಅಣ್ಣ ಶಿವರಾಜ ನಮಗಾಗಿ ಒಂದು ಕೋಣೆ ತೆರವು ಮಾಡಿಟ್ಟು ಬಾ ಬಾ ಎಂದು ಕರೆಯುತ್ತಲೇ ಇದ್ದ. ಬಲು ಒಳ್ಳೆಯವನು. ಅವನ ಮನೆಯಲ್ಲಿ ನನಗೆ ಅನ್ನಕ್ಕಾಗಲಿ ಮಾನಕ್ಕಾಗಲಿ ಕಡಿಮೆ ಆಗುತ್ತಿರಲಿಲ್ಲ. ಆದರೆ ಅಲ್ಲಿ ಟೇಪು ತಿರುಗುತ್ತಿರಲಿಲ್ಲ.

ಹಾಗಾಗಿ ಆ ಆಲ್ಬಮ್ಮಿನ ಮೇಲೆ ಹುಡುಗರಿಗಿಂತ ನನಗೇ ಹೆಚ್ಚು ಜೀವ. ಅವರ ಹಾಡುಗಳೂ ನನಗೆ ಸೇರತೊಡಗಿದವು. ಪರೀಕ್ಷೆಯಲ್ಲಿ ಪಾಸಾಗದೆ ಉಳಿದ ವಿಷಯದ ಮೇಲೆ ಒಂದು, ನಲ್ಲಿಗೆ ಬಾರದ ನೀರಿನ ಮೇಲೆ ಒಂದು. "ಸೀಟ್ ಬ್ಯಾಡ, ನಿಂತೇ ಬರ್ತೇನಿ" ಎಂಬ ಬಸ್ಸಿನ ಹಾಡನ್ನು ರೊಟ್ಟಿ ಬಡಿಯುವಾಗ ನಾನೂ ಗುನುಗುತ್ತಿದ್ದೆ. ಸವಿತಾ ನಗುತ್ತಿದ್ದಳು.

ತೊಂದರೆ ಬಂದದ್ದು ಮಾಳಿಗೆಯ ಮೇಲಿನಿಂದ. ಸ್ಟುಡಿಯೋದ ಮೇಲಿನ ಮನೆಯಲ್ಲಿ ಸುಶೀಲಾ ಕಾಕು ಇದ್ದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಇರ್ಫಾನ್ ಡ್ರಮ್ಮಿಗೆ ಮೊದಲ ಏಟು ಹಾಕುತ್ತಿದ್ದಂತೆಯೇ ಕಾಕು ಸೆರಗು ಸಿಕ್ಕಿಸಿಕೊಂಡು ಇಳಿದು ಬಂದರು.

"ಖಲೀಲಣ್ಣಾ, ಮ್ಯಾಲ ಹಸಿ ಬಾಣಂತಿ ಮಲಗ್ಯಾಳ. ನನ್ನ ಮೊಮ್ಮಗ ಬೆಚ್ಚಿಬಿದ್ದನಂದ್ರ ಈ ಡ್ರಮ್ಮಿನ್ಯಾಗ ನಿನ್ನನ್ನ ಕೂಡ್ರಿಸಿ ನಾ ಬಾರಿಸ್ತೇನಿ."

ಖಲೀಲ್ ಸಾಬ್ ಅರ್ಧ ಬೀದರಿಗೆ ಕೇಳಿಸುವಂತೆ ಹಾರ್ನು ಕಟ್ಟಿದವರು, ಆದರೆ ಕಾಕುಗೆ ಹೆದರುತ್ತಿದ್ದರು. ಗೋಡೆಗೆ ಇನ್ನೊಂದು ಪದರ ಕೌದಿ ಹಾಕಲು ಹೇಳಿದರು. ಬಾಗಿಲಿಗೆ ಹಾಕಿದೆವು, ಕಿಟಕಿಗೆ ಹಾಕಿದೆವು, ಮೇಲಿನ ತೊಲೆಗೆ ಕಟ್ಟಿದೆವು. ಡ್ರಮ್ಮಿಗೂ ಒಂದು ಹೊದಿಸಿದೆವು. ಸಂಜುವಿನ ಗಿಟಾರಿನ ಸದ್ದು ಹೊರಬರುವ ಡಬ್ಬಿಗೆ ಎರಡು. ನಾನೂ ಉತ್ಸಾಹದಿಂದ ಹೊಲಿದದ್ದೇ ಹೊಲಿದದ್ದು. ಬೇಸಿಗೆಯಲ್ಲಿ ಒಳಗೆ ನಿಂತು ಬೆವರುತ್ತಿದ್ದ ಬಸು, "ಅಕ್ಕಾ, ಇನ್ನೊಂದ್ ಹಾಕಿದ್ರ ನಾವು ಕಾವು ಕೂತು ಕೋಳಿಮರಿ ಆಗಿ ಹೊರಗ ಬರ್ತೇವಿ" ಎಂದ.

ರೆಕಾರ್ಡಿಂಗ್ ಮುಗಿದಾಗ ಖಲೀಲ್ ಸಾಬ್ ತಮ್ಮ ಕೋಣೆಯಲ್ಲಿ ಟೇಪು ಹಾಕಿ ಕೇಳಿಸಿದರು. ಎಂಥ ಚೆಂದ ಕೇಳಿಸಿತು ಅಂದರೆ, ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಮನಸ್ಸಿನಲ್ಲೇ ಕುರ್ಚಿಯ ಮೇಲೆ ಕೂತೆ. ಆದರೆ ಖಲೀಲ್ ಸಾಬ್ ಎಲ್ಲವನ್ನೂ ಕೇಳಿ ನೋಡುತ್ತಿದ್ದದ್ದು ತಮ್ಮ ಮೈಕ್ ಸೆಟ್ಟಿನ ಹಳೆ ಹಾರ್ನಿನಲ್ಲಿ. ಅದು ಎಂಥ ದನಿಯನ್ನೂ ಚೀರಿಸಿ ಹೊರಗೆ ಹಾಕುವ ಸಾಮಾನು. ಅದರಲ್ಲಿ ಪಿಸುಮಾತೂ ಖಣಖಣ ಕೇಳಿಸುತ್ತದೆ. ನಮ್ಮಲ್ಲಿ ಒಬ್ಬರೂ ಅದನ್ನು ಯೋಚಿಸಲಿಲ್ಲ.

ಕ್ಯಾಸೆಟ್ಟುಗಳು ತಯಾರಾದವು. ಔರಾದದ ಅಂಗಡಿಗೆ ಕೊಡಲು ಬಸುವಿನ ಜೊತೆ ನಾನೂ ಚೀಲ ಹಿಡಿದು ಬಸ್ಸು ಹತ್ತಿದೆ. ಅವನು ದಾರಿಯುದ್ದಕ್ಕೂ ನಿಂತೇ ಬಂದ, ಸೀಟು ಇದ್ದರೂ. ಅಲ್ಲಿ ಬಸ್ ನಿಲ್ದಾಣದ ಎದುರಿನ ಅಂಗಡಿಯವನು ನಮ್ಮ ಕ್ಯಾಸೆಟ್ಟನ್ನು ತನ್ನ ಸಾದಾ ಟೇಪಿಗೆ ಹಾಕಿದ. ಧುಂ, ಧುಂ, ಧುಂ. ಅದರ ಹಿಂದೆ ಎಲ್ಲೋ ದೂರದಲ್ಲಿ ಯಾರೋ ಏನೋ ಅನ್ನುತ್ತಿದ್ದರು. ಅಂಗಡಿಯವನು ಟೇಪಿನ ಹತ್ತಿರ ಕಿವಿ ಇಟ್ಟ. ಡಬ್ಬಿಗೆ ಎರಡು ಏಟು ಹಾಕಿದ. ಮತ್ತೆ ಕಿವಿ ಇಟ್ಟ.

"ತಮ್ಮಾ, ಹಾಡು ಚಂದನೇ ಇರಬೇಕು. ಆದ್ರ ನೆಲದಾಗಿನ ಜ್ವಾಳದ ಹಗೇದಾಗ ಇಳಿದು ಯಾಕ ಹಾಡೀರಿ?"

ಬ್ಯಾಟರಿ ಸೆಲ್ಲು ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳು ಸ್ವಲ್ಪ ಹೊತ್ತು ಕೇಳಿ, "ಯಾರನ್ನೋ ಒಳಗ ಹಾಕಿ ಕೀಲಿ ಜಡದಾರ. ತೆಗಿರೋ, ಪಾಪ" ಎಂದಳು.

ಬಸು ನಕ್ಕ. ನಕ್ಕು ನಕ್ಕು ಆಮೇಲೆ ಕ್ಯಾಸೆಟ್ಟುಗಳನ್ನು ಮತ್ತೆ ಚೀಲಕ್ಕೆ ತುಂಬಿದ. ನಾನು ಚೀಲ ಹಾಗೆಯೇ ಹೊತ್ತು ಬೀದರಿಗೆ ಬಂದೆ. ಭಾಲ್ಕಿಗೆ ಹೋದ ಸಂಜುವೂ ಹಾಗೇ ವಾಪಸು ಬಂದ. ಕಮಲನಗರದ ಅಂಗಡಿಯವನು ಮರಾಠಿಯಲ್ಲಿ ಏನಂದನೋ, ಅದನ್ನು ಅಲ್ಲಿಗೆ ಹೋಗಿದ್ದ ಇರ್ಫಾನ್ ನಮಗೆ ಹೇಳಲೇ ಇಲ್ಲ.

ಆ ವಾರ ಬಂದ ಒಬ್ಬರೇ ಗಿರಾಕಿ ಸುಶೀಲಾ ಕಾಕು.

"ಖಲೀಲಣ್ಣಾ, ನಿಮ್ಮ ಧುಂ ಧುಂ ಯಾಕ ನಿಂತದ? ಕೂಸು ಮಲಗವಲ್ದು."

ಕೌದಿಗಳು ಮಾತನ್ನೂ ಗಿಟಾರನ್ನೂ ನುಂಗಿದ್ದವು, ಡ್ರಮ್ಮಿನ ಧುಂ ಮಾತ್ರ ಗೋಡೆ ಹತ್ತಿ ಮೇಲೆ ಹೋಗುತ್ತಿತ್ತು. ಆ ಕೂಸು ದಿನಾ ಅದರ ಲೆಕ್ಕದಲ್ಲೇ ನಿದ್ದೆ ಮಾಡುತ್ತಿತ್ತಂತೆ. ಖಲೀಲ್ ಸಾಬ್ ಒಂದು ಕ್ಯಾಸೆಟ್ಟು ತೆಗೆದು ಅವರ ಕೈಗಿಟ್ಟರು. ನಮಗೆ ನಗುವ ಮನಸ್ಸಿರಲಿಲ್ಲ. ಸ್ಟುಡಿಯೋ ಮುಚ್ಚುವುದು ಖಾತ್ರಿಯಾಗಿತ್ತು. ನಾನು ಅಣ್ಣನಿಗೆ ಹೇಳಿಕಳಿಸಿದೆ.

ಅಣ್ಣ ಒಂದು ಮಧ್ಯಾಹ್ನ ಹಗ್ಗ ಹಿಡಿದೇ ಬಂದ. ಖಲೀಲ್ ಸಾಬ್ ಕೌದಿಗಳನ್ನೆಲ್ಲ ನನಗೇ ಕೊಟ್ಟಿದ್ದರು, ಗಂಟು ಕಟ್ಟಬೇಕಿತ್ತು. ಹುಡುಗರೂ ಡ್ರಮ್ಮು, ಗಿಟಾರು ಒಯ್ಯಲು ಬಂದಿದ್ದರು. ಕೆಂಪು ಬಲ್ಬನ್ನು ಆಗಲೇ ಬಿಚ್ಚಿ ಪೆಟ್ಟಿಗೆಗೆ ಹಾಕಿಯಾಗಿತ್ತು. ನಾನು ಒಂದೊಂದೇ ಕೌದಿ ಇಳಿಸಿ ಅಣ್ಣನ ತೋಳಿನ ಮೇಲೆ ಹಾಕುತ್ತ ಹೋದೆ. ಗೋಡೆಗಳೆಲ್ಲ ಬರಿದಾದವು.

ಬಸು ಕೆಲಸ ಮಾಡುತ್ತ ಮಾಡುತ್ತ ಬಸ್ಸಿನ ಹಾಡು ಎತ್ತಿಕೊಂಡ. ದನಿ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಇರ್ಫಾನ್ ಸುಮ್ಮನೆ ಡ್ರಮ್ಮಿಗೆ ಒಂದು ಏಟು ಹಾಕಿದರೆ ತಾಮ್ರದ ಕೊಡದೊಳಗೆ ಕೂತಂತಾಯಿತು. ವೈರು ಸುತ್ತುತ್ತಿದ್ದ ಖಲೀಲ್ ಸಾಬ್ ಮುಖ ಕಿವುಚಿದರು.

ಅಣ್ಣನಿಗೆ ಬೆವರು ಒರೆಸಿಕೊಳ್ಳಬೇಕಿತ್ತು. ಎರಡೂ ಕೈ ತುಂಬ ಕೌದಿ. ಮೇಲಿದ್ದ ಒಂದನ್ನು ತೆಗೆದು ಮತ್ತೆ ಮೊಳೆಗೇ ಸಿಕ್ಕಿಸಿ ಮುಖ ಒರೆಸಿಕೊಂಡ. ಬಸುವಿನ ದನಿ ಬದಲಾಯಿತು. ಎಲ್ಲರಿಗೂ ಕೇಳಿಸಿತು. ಬಸು ಹಾಡು ನಿಲ್ಲಿಸಿ ಗೋಡೆಯನ್ನು ನೋಡಿದ.

"ನಿಲ್ಲಸಬ್ಯಾಡ ಬೇಟಾ," ಎನ್ನುತ್ತ ಖಲೀಲ್ ಸಾಬ್ ವೈರು ಕೆಳಗಿಟ್ಟು ಬಸುವಿನ ಮುಂದೆ ಮೈಕು ಇಟ್ಟರು, ಟೇಪು ಹಾಕಿದರು. "ಶಿವರಾಜಣ್ಣಾ, ಇನ್ನೊಂದ್ ಹಾಕ್ರಿ."

ಅಣ್ಣನಿಗೆ ಏನೂ ತಿಳಿಯಲಿಲ್ಲ. "ಬಿಚ್ಚಲಿಕ್ಕ ಬಂದೇನೋ, ಹಾಕಲಿಕ್ಕ ಬಂದೇನೋ?" ಎನ್ನುತ್ತಲೇ ಇನ್ನೊಂದು ಸಿಕ್ಕಿಸಿದ. ಹುಡುಗರು ಮೂವರೂ ಬಾರಿಸತೊಡಗಿದರು. ಒಂದು ಕೌದಿಗೆ ಡ್ರಮ್ಮಿನ ಗುಂಯ್ ಇಳಿಯಿತು. ಇನ್ನೊಂದಕ್ಕೆ ಗಿಟಾರಿನ ಕಿರುಚು ಹೋಯಿತು. ಮತ್ತೊಂದು ಹಾಕಿದಾಗ ಬಸುವಿನ ಮಾತು ಎದುರಿಗೆ ಕೂತು ಹೇಳಿದಂತೆ ಬಂತು, ಹಿಂದೆ ಡ್ರಮ್ಮು ತನ್ನ ಜಾಗದಲ್ಲಿ ನಿಂತಿತು. ಅಣ್ಣ ಮುಂದಿನ ಕೌದಿ ಎತ್ತಿದ. ನನ್ನ ಕೈ ಸ್ವಿಚ್ಚಿಗೆ ಹೋಯಿತು. ಸ್ವಿಚ್ಚು ಇರಲಿಲ್ಲ.

"ಇಷ್ಟು ಸಾಕ್ರಿ," ಎಂದೆ.

ದನಿ ಎಲ್ಲಿಂದ ಎದ್ದಿತೋ, ಕೋಣೆ ತುಂಬ ಕೇಳಿಸಿತು. ಅಣ್ಣ ಕೌದಿ ಹಿಡಿದು ಹಾಗೇ ನಿಂತ. ಬಸು ನನ್ನ ಕಡೆ ನೋಡಿ ನಗುತ್ತಲೇ ಹಾಡು ಮುಗಿಸಿದ. ಟೇಪು ತಿರುಗುತ್ತಲೇ ಇತ್ತು.

ಖಲೀಲ್ ಸಾಬ್ ಅದನ್ನು ಕೇಳಲು ಹಾರ್ನಿನ ಕಡೆ ನಡೆದಾಗ ಸಂಜು ಅಡ್ಡ ಬಂದ. "ಚಾಚಾ, ಆ ಹಾರ್ನಿನ ಮಾತು ಇನ್ನ ಕೇಳಬ್ಯಾಡ್ರಿ." ಒಂದು ಕ್ಯಾಸೆಟ್ಟಿಗೆ ಕಾಪಿ ತೆಗೆದುಕೊಂಡು ಎದುರಿನ ಚಹಾದ ಹೋಟೆಲಿಗೆ ಹೋದೆವು. ಅಲ್ಲಿನ ಟೇಪಿಗೆ ಮುಚ್ಚಳ ಕೂಡ ಇರಲಿಲ್ಲ. ಹಾಡು ಶುರುವಾಯಿತು. ಚಹಾ ಕುಡಿಯುವವರು ಮಾತು ನಿಲ್ಲಿಸಲಿಲ್ಲ, ಆದರೆ ಒಬ್ಬ ಲಾರಿ ಡ್ರೈವರ್ ಕಪ್ಪಿನ ಕೆಳಗಿನ ಬಸಿಯನ್ನು ಬೆರಳಿನಿಂದ ಬಡಿಯತೊಡಗಿದ. ಕೊನೆಗೆ ಹೋಟೆಲಿನ ತುಂಬ ನನ್ನ ದನಿ: "ಇಷ್ಟು ಸಾಕ್ರಿ." ಎಲ್ಲರೂ ನಕ್ಕರು. ನಾನು ಕಂಬದ ಹಿಂದೆ ಸರಿದೆ.

"ಹಾಡೋ ಹುಡುಗ ಗೊತ್ತಾದ," ಎಂದ ಹೋಟೆಲಿನವನು. "ಸಾಕು ಅಂದಾಕಿ ಯಾರು?"

ಖಲೀಲ್ ಸಾಬ್ ಬಸಿಗೆ ಚಹಾ ಸುರಿಯುತ್ತ, "ಅವರು ನಮ್ಮ ರೆಕಾರ್ಡಿಂಗ್ ನೋಡ್ಕೋತಾರ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಬಾಯಿ, ಸ್ಟುಡಿಯೋ ಬಂದ್ ಮಾಡೂದಿಲ್ಲ. ಸೋಮವಾರ ಔರಾದದ ಭಜನಿ ಮಂದಿ ಬರ್ತಾರ. ಅವರಿಗಿ ಎಷ್ಟು ಕೌದಿ ಬೇಕೋ, ಕುರ್ಚಿ ಮ್ಯಾಲ ಕೂತು ನೀವೇ ಹೇಳ್ರಿ."

ಅಣ್ಣ ನನ್ನ ಮುಖ ನೋಡಿದ.

"ಹಂಗಾದ್ರ ಹಗ್ಗ ನಾ ಹೊಳ್ಳಿ ಒಯ್ತೇನಿ," ಎಂದ. ಅಷ್ಟರಲ್ಲಿ ಅವನ ಬಸ್ಸು ಹೋಗಿಬಿಟ್ಟಿತ್ತು. ಆ ರಾತ್ರಿ ಅದೇ ಕೌದಿಗಳನ್ನು ಹಾಸಿಕೊಂಡು ಮಲಗಿದ.

ಹುಡುಗರ ಆಲ್ಬಂ ಮತ್ತೆ ರೆಕಾರ್ಡ್ ಆಗಲಿಲ್ಲ. ಅವರಿಗೆ ಕೊನೆಯ ವರ್ಷದ ಪರೀಕ್ಷೆ ಬಂತು, ನಮಗೆ ಹೊಸ ಯಂತ್ರ ಬರಲಿಲ್ಲ. ಬಸು ಈಗ ಔರಾದದಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ, ನಿಂತೇ ಕೆಲಸ ಮಾಡುತ್ತಾನೆ. ಮಾರಾಟವಾಗದ ಕ್ಯಾಸೆಟ್ಟುಗಳನ್ನು ಸುಶೀಲಾ ಕಾಕು ತಾವು ಹೋದ ಬಾಣಂತಿ ಮನೆಗಳಿಗೆಲ್ಲ ಒಂದೊಂದು ಹಂಚಿದರು. ಅದನ್ನು ಬಸುವಿಗೆ ಹೇಳಿದಾಗ, "ಅಕ್ಕಾ, ನಾವು ಮಂದಿನ್ನ ಎಬ್ಬಸಬೇಕಂತ ಹಾಡಿದ್ವಿ" ಎಂದು ಹಣೆ ಬಡಿದುಕೊಂಡ. ನೀವಿಬ್ಬರೂ ತೊಟ್ಟಿಲಲ್ಲಿ ಅದನ್ನೇ ಕೇಳಿ ಮಲಗಿದವರು. ಕಿರಣ ಅಂತೂ ಎರಡನೆಯ ಹಾಡಿನವರೆಗೆ ಎಚ್ಚರ ಇದ್ದದ್ದೇ ಇಲ್ಲ.

ನನ್ನ ಕಣ್ಣು ಮಂದವಾಗುವವರೆಗೂ ಆ ಕುರ್ಚಿಯ ಮೇಲೆ ಕೂತೆ. ಯಂತ್ರಗಳು ಬದಲಾದವು. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಕಂಪ್ಯೂಟರು ಬಂತು. ಏನೇ ಬಂದರೂ ಹಾಡನ್ನು ಎದುರಿನ ಹೋಟೆಲಿನಲ್ಲಿ ಕೇಳದೆ ನಾನು ಹೊರಗೆ ಬಿಡಲಿಲ್ಲ. ಕೆಂಪು ಬಲ್ಬು ಮತ್ತೆ ಪೆಟ್ಟಿಗೆಯಿಂದ ಹೊರಗೆ ಬರಲೂ ಇಲ್ಲ.

ಮೇಘಾ, ನೀನು ಎಂಟು ಕೇಳಿದ್ದೆ. ಮೂರು ಹೊಲಿದು ಕಳಿಸಿದ್ದೇನೆ. ಮೂಲೆಯಲ್ಲಿ ಒಂದೊಂದು ಜೋಳದ ಕಾಳು ಇದೆ, ಹೋಳಿಗೆ ಇಲ್ಲ, ಹೆದರಬೇಡ. ಒಂದು ಹಾಕಿ ಹಾಡಿಸು, ಎರಡು ಹಾಕಿ ಹಾಡಿಸು, ಮೂರೂ ಹಾಕಿ ಹಾಡಿಸು. ಆಮೇಲೆ ಕಿರಣನ ಆ ಒಡೆದ ಫೋನಿನಲ್ಲಿ ಕೇಳಿ ನನಗೆ ತಿಳಿಸು. ನಾಲ್ಕನೆಯದಕ್ಕೆ ಬಟ್ಟೆ ಹಾಸಿ ಇಟ್ಟಿದ್ದೇನೆ. ನೀನು ಸಾಕು ಅಂದರೆ ಅದನ್ನು ಮಡಚಿ ಇಡುತ್ತೇನೆ.